ಕಾಗೆ ಮುಟ್ಟಿದ ಎಲೆ

ಮುಂಬಯಿಯಲ್ಲಿ ಬೇರೇನೂ ಸಿಗದಿದ್ದರೂ ಕಾಗೆ ಸಿಗುತ್ತದೆ ಎಂದು ದೂಜ ನಂಬಿದ್ದ. ಘಾಟ್ಕೋಪರಿನ ಹೋಟೆಲೊಂದರ ಗಲ್ಲಾದಲ್ಲಿ ಕೂತು ತಲೆ ಹಣ್ಣಾದವನು. ನಲ್ಲಿಯಲ್ಲಿ ನೀರಿಲ್ಲದ ದಿನ ಕಂಡಿದ್ದ, ಲೋಕಲ್ ಓಡದ ದಿನ ಕಂಡಿದ್ದ, ಕಾಗೆಯಿಲ್ಲದ ದಿನ ಮಾತ್ರ ಕಂಡಿರಲಿಲ್ಲ. ಆ ದಿನ ಬಂದದ್ದು ಅವನ ಅಮ್ಮ ರಾಜೀವಿಯ ಬೊಜ್ಜದಂದೇ.

ಬೊಜ್ಜವೆಂದರೆ ತುಳುವರ ಉತ್ತರಕ್ರಿಯೆ. ಸತ್ತವರಿಗೆ ಇಷ್ಟವಾದದ್ದನ್ನು ಎಲೆಯಲ್ಲಿ ಬಡಿಸಿ ಹೊರಗಿಡಬೇಕು. ಕಾಗೆ ಮುಟ್ಟಿದರೆ ಸತ್ತವರು ಉಂಡಂತೆ. ಮುಟ್ಟದಿದ್ದರೆ ಅವರ ಮನಸ್ಸಿನಲ್ಲಿ ಏನೋ ಆಸೆ ಉಳಿದಿದೆ ಎಂದು ಅರ್ಥ. ಆ ಆಸೆ ಯಾವುದೆಂದು ದೂಜನಿಗೆ ಚೆನ್ನಾಗಿಯೇ ಗೊತ್ತಿತ್ತು. ಆಸ್ಪತ್ರೆಯಲ್ಲಿ ಅಮ್ಮ, "ಮಗಾ, ಸ್ವಲ್ಪ ಕೋರಿ ರೊಟ್ಟಿ ತಾ" ಎಂದಿದ್ದಳು. ಗರಿಗರಿ ಅಕ್ಕಿರೊಟ್ಟಿಯ ಮೇಲೆ ಕೋಳಿ ಸಾರು ಸುರಿದುಕೊಂಡು ತಿನ್ನುವುದೆಂದರೆ ಅವಳಿಗೆ ಪ್ರಾಣ. ಡಾಕ್ಟರು ಬರೇ ಗಂಜಿ ಎಂದಿದ್ದರು. "ನಾಳೆ ತರ್ತೇನಮ್ಮ" ಎಂದ ದೂಜ. ಗಂಜಿಯ ಚಮಚಕ್ಕೆ ಅವಳು ಬಾಯಿ ತೆರೆಯಲಿಲ್ಲ. ಬೆಳಕು ಹರಿಯುವ ಮೊದಲೇ ಹೋದಳು. ಹಸಿದೇ ಹೋದಳು ಎಂಬ ಕೊರಗು ಅಂದಿನಿಂದ ಅವನನ್ನು ಬಿಟ್ಟಿರಲಿಲ್ಲ.

ಅದೇ ಹೊತ್ತಿಗೆ ಮುಂಬಯಿಗೆ ಹಕ್ಕಿ ಜ್ವರ ಬಂತು. ನಾಲಾದ ಪಕ್ಕ ಕಾಗೆಗಳು ಸತ್ತು ಬಿದ್ದವು, ಕೋಳಿ ಅಂಗಡಿಗಳು ಶಟರ್ ಎಳೆದವು, ಉಳಿದ ಕಾಗೆಗಳು ಎಲ್ಲಿ ಹೋದವೋ ಯಾರಿಗೂ ತಿಳಿಯಲಿಲ್ಲ. ದೂಜ ಕುರ್ಲಾದ ತನಕ ಹೋಗಿ ತೆರೆದಿದ್ದ ಒಂದು ಅಂಗಡಿ ಹುಡುಕಿದ. ಅಂಗಡಿಯವನು ಮನೆಗೆ ಅಳಿಯ ಬಂದಂತೆ ಎದ್ದು ನಿಂತ. ಹೆಂಡತಿ ಹರಿಣಿ ಮೂಗಿಗೆ ಸೆರಗು ಕಟ್ಟಿಕೊಂಡೇ ಸಾರು ಕುದಿಸಿದಳು.

ಬಿಲ್ಡಿಂಗಿನ ಟೆರೇಸ್ ಮೇಲೆ ಎಲೆ ಇಟ್ಟು ದೂಜ "ಕಾ, ಕಾ" ಎಂದು ಕೂಗಿದ. ಪಾರಿವಾಳಗಳು ಬಂದವು. ಓಡಿಸಿ ಮತ್ತೆ ಕೂಗಿದ. ಆಕಾಶ ತೊಳೆದು ಬೋರಲಿಟ್ಟ ಹಂಡೆಯ ಹಾಗೆ ಖಾಲಿಯಿತ್ತು.

"ಆಸೆ ಉಳಿದುಂಟು" ಎಂದರು ಧನರಾಜ್. ಅವರು ರಾಜೀವಿಯ ತಮ್ಮ, ದೂಜನ ಸೋದರಮಾವ. ಇಂಥ ವಿಷಯದಲ್ಲಿ ಕೊನೆಯ ಮಾತು ಅವರದೇ.

"ಹಕ್ಕಿ ಜ್ವರ ಅಲ್ವಾ ಮಾಮ? ಕಾಗೆಗಳೇ ಇಲ್ಲ."

"ಜ್ವರ ಬಂದದ್ದು ಕಾಗೆಗೆ, ಅಕ್ಕನಿಗಲ್ಲ. ಅವಳಿಗೆ ಬರ್ಬೇಕು ಅಂತ ಇದ್ರೆ ಬಂದೇ ಬರ್ತಾಳೆ. ಏನಾದ್ರೂ ಮಾತು ಕೊಡು ಮಾರಾಯ."

ದೂಜ ಕೈಮುಗಿದು, ಇನ್ನು ಇಸ್ಪೀಟು ಆಡುವುದಿಲ್ಲ ಎಂದ. ಕಾಗೆ ಬರಲಿಲ್ಲ.

"ಅಡುಗೆಗೆ ಹೆಸರಿಡುವುದಿಲ್ಲ ಅಂತ್ಲೂ ಹೇಳಿ. ಅತ್ತೆಗೆ ಅದೊಂದು ಬೇಜಾರಿತ್ತು" ಎಂದಳು ಹರಿಣಿ. ಅದನ್ನೂ ಹೇಳಿದ.

ಸಂದಿಯಲ್ಲಿ ಸಮಾರಾಧನೆ ಎನ್ನುತ್ತಾರಲ್ಲ, ಆಮೇಲೆ ನಡೆದದ್ದು ಅದೇ. ಎದುರು ಮನೆಯ ವಿಜಾಪುರದ ಇಂದ್ರಾಬಾಯಿ ಒದ್ದೆ ಸೀರೆಗಳ ಬಕೆಟ್ ಹಿಡಿದು ಬಂದವಳು ಅಲ್ಲೇ ನಿಂತಳು. "ದೂಜಣ್ಣಾರ, ನಿಮ್ಮವ್ವ ನನ್ನ ಮುಂದ ಹೇಳಿದ್ಳರಿ, ಈ ಬಿಸಲಾಗಿನ ಹಗ್ಗ ಇಂದ್ರಾಬಾಯಿಗೇ ಇರ್ಲಿ ಅಂತ. ನಿಮಗ ಹೇಳೂದು ಮರತಿರಬೇಕು ಪಾಪ." ವರ್ಷಗಟ್ಟಲೆ ಜಗಳವಾಡಿ ಉಳಿಸಿಕೊಂಡಿದ್ದ ಹಗ್ಗ ಹೋಯಿತು. ಕಾಗೆ ಬರಲಿಲ್ಲ.

ಸೊಸೈಟಿಯ ಸೆಕ್ರೆಟರಿ ಕಿಶೋರ ಗದರಿಸುವುದಕ್ಕೆಂದೇ ಮೇಲೆ ಬಂದ. "ದೂಜ ಅಣ್ಣಾ, ನೋಟಿಸ್ ಪಢಾ ನಹೀ ಕ್ಯಾ? ಪಕ್ಷಿಗೆ ಖಾನಾ ಹಾಕೋದು ಬಂದ್ ಇದೆ." ವಿಷಯ ತಿಳಿದ ಮೇಲೆ ಮೆತ್ತಗಾದ, ಮೆತ್ತಗಾದದ್ದು ಇನ್ನೂ ಅಪಾಯವಾಯಿತು. "ಅಮ್ಮಾಗೆ ಒಂದು ಇಚ್ಛಾ ಇತ್ತು. ಬೆಳಿಗ್ಗೆ ನೀರಿನ ಪಂಪ್ ಹಾಕೋ ಡ್ಯೂಟಿ ನಮ್ಮ ದೂಜ ಮಾಡಬೇಕು, ಐಸಾ ಬೋಲ್ತೀ ಥೀ." ದೂಜ ಅದಕ್ಕೂ ತಲೆಯಾಡಿಸಿದ. ಅಮ್ಮ ಉಣ್ಣುವುದಾದರೆ ಅವನು ಬಿಲ್ಡಿಂಗಿನ ಕಸ ಗುಡಿಸುವುದಕ್ಕೂ ಸಿದ್ಧನಿದ್ದ.

ಮಧ್ಯಾಹ್ನ ದಾಟಿತು. ಎಲೆಯಿಂದ ಒಂದಿಷ್ಟನ್ನು ಡಬ್ಬಿಗೆ ಹಾಕಿಕೊಂಡು ದೂಜ ಲೋಕಲ್ ಹತ್ತಿ ವಿಕ್ರೋಳಿಗೆ ಹೋದ. ಕಾರ್ಖಾನೆಯ ಕಂಪೌಂಡಿನ ದೊಡ್ಡ ಮರದಡಿ ನಿಂತು ಕೂಗಿದ. ವಾಚ್‌ಮನ್ ಬಂದು, ಯಾರನ್ನು ಕರೆಯುತ್ತಿದ್ದೀ ಎಂದು ಹಿಂದಿಯಲ್ಲಿ ಕೇಳಿದ. "ಮಾ ಕೋ" ಎಂದ ದೂಜ. ವಾಚ್‌ಮನ್ ತಾನೂ ಬಾಯಿಗೆ ಕೈ ಅಡ್ಡ ಹಿಡಿದು "ಕಾ, ಕಾ" ಎಂದ. ಇಬ್ಬರೂ ಗಂಟಲು ಕಟ್ಟುವ ತನಕ ಕರೆದರು. ಯಾರೂ ಬರಲಿಲ್ಲ.

ಸಂಜೆ ದೂಜ ಸೋತು ಟೆರೇಸಿಗೆ ಮರಳುವಷ್ಟರಲ್ಲಿ ಅಲ್ಲಿ ಎಲ್ಲರೂ ಉಸಿರು ಹಿಡಿದು ನಿಂತಿದ್ದರು. ಗೋಡೆಯ ಮೇಲೆ ಒಂದು ಕಾಗೆ. ಗರಿ ಕೆದರಿತ್ತು, ಕತ್ತು ಒಂದು ಕಡೆಗೆ ವಾಲಿತ್ತು.

"ನೋಡು, ಅಕ್ಕನಿಗೂ ಬಲಗಡೆಗೇ ಕುತ್ತಿಗೆ ನೋವು" ಎಂದರು ಧನರಾಜ್. ಅವರ ಕಣ್ಣು ತುಂಬಿತ್ತು.

ಕಾಗೆ ತಡವರಿಸಿ ಕೆಳಗಿಳಿಯಿತು. ಎರಡು ಹೆಜ್ಜೆ ಇಟ್ಟಿತು, ನಿಂತಿತು, ಕೊನೆಗೆ ಎಲೆಗೆ ಬಂದು ಕೋಳಿಯ ತುಂಡೊಂದನ್ನು ಕಚ್ಚಿತು. ದೂಜ ಮೊಣಕಾಲೂರಿ ಕುಳಿತು ಅತ್ತುಬಿಟ್ಟ. "ಅಮ್ಮಾ, ಉಪ್ಪು ಸರಿ ಉಂಟಾ?" ಎಂದು ಕೇಳಿದ. ಕಾಗೆ ಇನ್ನೊಂದು ತುಂಡು ನುಂಗಿತು, ಒಂದು ಸುತ್ತು ಸುತ್ತಿತು, ಎಲೆಯ ಪಕ್ಕದಲ್ಲೇ ಮಗುಚಿ ಬಿತ್ತು. ಮತ್ತೆ ಏಳಲಿಲ್ಲ.

ಮೊದಲು ಓಡಿದವನು ಕಿಶೋರ. ಓಡುತ್ತಲೇ ಮುನ್ಸಿಪಾಲಿಟಿಗೆ ಫೋನ್ ಮಾಡಿದ. ಬಿಳಿ ನಿಲುವಂಗಿಯವರು ಬಂದು ಕಾಗೆಯನ್ನು ಚೀಲಕ್ಕೆ ಹಾಕಿದರು. ಏನು ತಿನ್ನಿಸಿದಿರಿ ಎಂದು ಕೇಳಿದರು. ಚಿಕನ್ ಎಂದು ದೂಜ ಹೇಳಿದಾಗ ಒಬ್ಬರ ಮುಖ ಒಬ್ಬರು ನೋಡಿಕೊಂಡು ಎಲೆಯನ್ನೂ, ಕೆಳಗೆ ನೆಂಟರಿಗೆಂದು ಇಟ್ಟಿದ್ದ ಸಾರಿನ ಪಾತ್ರೆಯನ್ನೂ ತೆಗೆದುಕೊಂಡು ಹೋದರು. ಟೆರೇಸಿಗೆ ಬೀಗ ಬಿತ್ತು. ಮನೆಯವರು ಹೊರಗೆ ಕಾಲಿಡಬಾರದೆಂದರು.

"ಕಾಗಿ ಸತ್ರೂ ಎಲಿ ಮುಟ್ಟೇ ಸತ್ತೈತ್ರಿ. ಹಗ್ಗದ ಮಾತು ಮರೀಬ್ಯಾಡ್ರಿ" ಎಂದು ಇಂದ್ರಾಬಾಯಿ ತನ್ನ ಬಾಗಿಲಿನಿಂದಲೇ ನೆನಪಿಸಿದಳು.

ಹರಿಣಿ ಗಂಡನ ಪಕ್ಕ ಬಂದು ಕೂತಳು. "ಹೇಗೂ ತಿಂದು ಹೋದ್ರಲ್ಲ ರೀ. ಈ ಸಲ ಹಸಿದು ಹೋಗ್ಲಿಲ್ಲ."

ದೂಜನಿಗೆ ಬೆಳಗಿನಿಂದ ಮೊದಲ ಸಲ ಸ್ವಲ್ಪ ಉಸಿರು ಬಂದಂತಾಯಿತು. ಆದರೆ ಧನರಾಜ್ ಮೂಲೆಯ ಕುರ್ಚಿಯಲ್ಲಿ ಕೂತು ಯೋಚಿಸುತ್ತಿದ್ದರು, ಅವರು ಯೋಚಿಸಿದರೆ ಯಾರಿಗೂ ಒಳ್ಳೆಯದಾಗುವುದಿಲ್ಲ.

"ಬಂದದ್ದು ಅಕ್ಕನೇ ಅಲ್ವಾ?" ಎಂದರು.

"ಹೌದು ಮಾಮ."

"ತಿಂದದ್ದೂ ಅವಳೇ."

"ಹೌದು."

"ಹಾಗಾದ್ರೆ ಸತ್ತದ್ದೂ ಅವಳೇ ಆಯ್ತಲ್ಲ, ಮಗಾ. ಇವತ್ತಿನಿಂದ ಸೂತಕ ಪುನಃ ಶುರು. ಬೊಜ್ಜವೂ ಪುನಃ ಆಗ್ಬೇಕು."

ದೂಜ ಕಿಟಕಿಯ ಆಚೆ ಕಪ್ಪಾಗುತ್ತಿದ್ದ ಆಕಾಶವನ್ನು ನೋಡಿದ. ಅಲ್ಲಿ ಒಂದು ರೆಕ್ಕೆಯೂ ಇರಲಿಲ್ಲ. ಕಾಗೆ ಎಲ್ಲಿಂದ ತರುವುದೆಂದು ಅವನು ಕೇಳಲಿಲ್ಲ. ಸಣ್ಣ ದನಿಯಲ್ಲಿ ಹೇಳಿದ:

"ಈ ಸಲ ಬರೇ ಗಂಜಿ ಬಡಿಸುವ ಮಾಮ. ಡಾಕ್ಟರು ಅವತ್ತೇ ಹೇಳಿದ್ರು."