ಒಂಟಿ ಕೋಣನ ಲಕ್ಷಣಗಳು

ಹಳೆ ಸಾಮಾನು ಕೊಳ್ಳುವ ವಿದ್ಯೆಯಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಮಂಡ್ಯದಿಂದ ಬರಿಗೈಯಲ್ಲಿ ಮದ್ರಾಸಿಗೆ ಬಂದು, ಆಫೀಸುಗಳು ಬೇಡವೆಂದ ಕುರ್ಚಿ ಮೇಜುಗಳನ್ನು ಕೊಂಡು ಮಾರಿ, ಅಣ್ಣಾ ನಗರದಲ್ಲಿ ಫ್ಲ್ಯಾಟ್ ಮಾಡಿದವನು ನಾನು. ಬೆರಳಲ್ಲಿ ಟಕ್ ಎಂದು ಬಡಿದರೆ ಸಾಕು, ತೇಗವೋ ಪ್ಲೈವುಡ್ಡೋ ಹೇಳಿಬಿಡುತ್ತೇನೆ. ಕೇಳದಿದ್ದರೂ ಹೇಳುತ್ತೇನೆ. ಆದ್ದರಿಂದ ಮೊದಲೇ ಒಂದು ಬುದ್ಧಿಮಾತು: ಮನೆಗೆ ಜನ ಬರಲಿ ಎಂದು ಕೋಣನ ತಲೆ ಕೊಳ್ಳಬೇಡಿ!

ನನ್ನ ಹೆಂಡತಿ ಶಾಂತಾ ಇದ್ದಾಗ ಭಾನುವಾರ ನಮ್ಮ ಬಾಗಿಲಲ್ಲಿ ಚಪ್ಪಲಿ ಬಿಡಲು ಜಾಗ ಇರುತ್ತಿರಲಿಲ್ಲ. ಎಲ್ಲರೂ ನನ್ನ ಸಲಹೆಗಾಗಿ ಬರುತ್ತಾರೆಂದು ತಿಳಿದಿದ್ದೆ. ಅವಳು ತೀರಿಕೊಂಡ ಮೇಲೆ ಗೊತ್ತಾಯಿತು, ಬರುತ್ತಿದ್ದದ್ದು ಅವಳ ಕೋಡುಬಳೆಗೆ, ಅವಳ ನಗುವಿಗೆ. ಈಗ ನನ್ನ ಬಾಗಿಲು ಬಡಿಯುವವರು ಇಬ್ಬರೇ. ನೀರಿನ ಕ್ಯಾನ್ ತರುವವನು, ಮತ್ತೆ ಬೇರೆ ಮನೆಯ ಪಾರ್ಸೆಲ್ಲನ್ನು ತಪ್ಪಿ ಇಲ್ಲಿಗೆ ತರುವವನು. ಎರಡನೆಯವನನ್ನು ಕೂರಿಸಿಕೊಂಡು ಮಾತಾಡಿಸುತ್ತಿದ್ದೆ. ಈಚೆಗೆ ಅವನೂ ವಿಳಾಸ ಸರಿಯಾಗಿ ಓದುತ್ತಾನೆ.

ಇದು ಶುದ್ಧ ವ್ಯಾಪಾರದ ಸಮಸ್ಯೆ ಎಂದು ತೀರ್ಮಾನಿಸಿದೆ. ಗಿರಾಕಿ ಬರದಿದ್ದರೆ ಏನು ಮಾಡಬೇಕು? ಅಂಗಡಿಯ ಮುಂದೆ ಕಣ್ಣಿಗೆ ಬೀಳುವಂಥದ್ದು ಇಡಬೇಕು!

ನುಂಗಂಬಾಕ್ಕಂನ ಒಂದು ಹಳೆ ಸಾಮಾನಿನ ಅಂಗಡಿಯಲ್ಲಿ ಅದು ಸಿಕ್ಕಿತು. ಮರದ ಹಲಗೆಗೆ ಬಡಿದ ಕೋಣನ ತಲೆ. ಯಾರೋ ಬಿಳಿ ದೊರೆ ಆಫ್ರಿಕಾದ ಕಾಡಲ್ಲಿ ಹೊಡೆದದ್ದಂತೆ.

"ಮುದಿ ಕೋಣ. ಕೊಂಬು ಸವೆದಿದೆ, ಕಿವಿ ಹರಿದಿದೆ," ಎಂದು ಬೆಲೆ ಇಳಿಸಲು ಶುರುಮಾಡಿದೆ.

ಅಂಗಡಿಯವನು ನನ್ನನ್ನು ಕನಿಕರದಿಂದ ನೋಡಿದ. "ಮುದಿಯದಕ್ಕೇ ಸಾರ್ ಮರ್ಯಾದೆ! ಎಳೇ ಕೋಣ ಹೊಡೆಯೋನು ಶಿಕಾರೀನೇ ಅಲ್ಲ. ಕೊಂಬಿನ ತುದಿ ಸವೆದಿರಬೇಕು, ಬುಡ ಕಲ್ಲಾಗಿರಬೇಕು, ಮೈತುಂಬ ಗಾಯದ ಗುರುತು. ಹಿಂಡಿಗೆ ಅದರಿಂದ ಇನ್ನೇನೂ ಆಗಬೇಕಾಗಿಲ್ಲ. ಒಂಟಿಯಾಗಿ ಕೆಸರಲ್ಲಿ ಬಿದ್ದಿರುತ್ತೆ. ಬಲ್ಲ ಶಿಕಾರಿ ಅಟ್ಟಿಸಿಕೊಂಡು ಹೋಗಲ್ಲ ಸಾರ್. ನೀರಿನ ಹತ್ತಿರ ಸುಮ್ಮನೆ ಕೂರ್ತಾನೆ. ಅದೇ ಬರುತ್ತೆ. ದಿನಾ ಅದೇ ದಾರಿ, ಅದೇ ಹೊತ್ತು."

ಯಾಕೋ ಅದರ ಹರಿದ ಕಿವಿ ಸವರಿದೆ. ಆದರೆ ವ್ಯಾಪಾರದಲ್ಲಿ ಮಾಲು ಸವರಬಾರದು. ಎತ್ತಿ ನೋಡಿದೆ. "ಇಷ್ಟು ಹಗುರ?"

"ಹಳೇ ಮಾಲು, ಒಣಗಿದೆ ಸಾರ್."

"ಒಣಗಿದ್ದಕ್ಕೆ ಪೂರ್ತಿ ಬೆಲೆ ಯಾಕಯ್ಯಾ?" ಎಂದು ಅರ್ಧಕ್ಕೆ ಇಳಿಸಿದೆ. ಅವನು ತಕ್ಷಣ ಒಪ್ಪಿದ. ಗಿರಾಕಿಗಳೇ, ಮಾರುವವನು ತಕ್ಷಣ ಒಪ್ಪಿದರೆ ಅಲ್ಲಿಂದ ಓಡಿ! ನಾನು ಓಡಲಿಲ್ಲ.

ಆಟೋದಲ್ಲಿ ಕೋಣನನ್ನು ಪಕ್ಕಕ್ಕೆ ಕೂರಿಸಿಕೊಂಡೆ. ಪಕ್ಕದಲ್ಲಿ ಒಬ್ಬರು ಕೂತು ಎಷ್ಟೋ ಕಾಲವಾಗಿತ್ತು.

ಮನೆಯಲ್ಲಿ ಅದನ್ನು ಬಾಗಿಲಿಗೆ ನೇರ ಎದುರಾಗಿ ನೇತುಹಾಕಿದೆ. ಬಾಗಿಲು ಪೂರ್ತಿ ತೆರೆದಿಟ್ಟೆ. ಒಂಟಿ ಕೋಣನ ಲಕ್ಷಣಗಳ ಮೇಲೆ ಒಂದು ಉಪನ್ಯಾಸ ಬಾಯಿಪಾಠ ಮಾಡಿಕೊಂಡು, ಅದರ ಕೆಳಗೇ ಕುರ್ಚಿ ಹಾಕಿ ಕೂತೆ.

ಲಿಫ್ಟ್ ತೆರೆಯಿತು. ಎದುರು ಮನೆಯ ರಾಘವಾಚಾರ್ ಮಾಮ, ವೈದೇಹಿ ಮಾಮಿ. ತಲೆಮಾರುಗಳಿಂದ ಮದ್ರಾಸಿನಲ್ಲೇ ಇರುವ ಕನ್ನಡದವರು. ಮಾಮನಿಗೆ ಹೃದಯದ ಚಿಕಿತ್ಸೆಯಾಗಿ ಆಗತಾನೇ ಆಸ್ಪತ್ರೆಯಿಂದ ಬರುತ್ತಿದ್ದರು. ಮಾಮ ನನ್ನ ಬಾಗಿಲ ಕಡೆ ನೋಡಿ ನಿಂತುಬಿಟ್ಟರು.

"ವೈದೇಹೀ, ಇಲ್ಲಿ ಪಾರು, ನೋಡು, ವಾಹನ ಬಂದ್ಬಿಟ್ಟಿದೆ. ಸವಾರ ಎಲ್ಲಿ?"

ಆ ಕ್ಷಣಕ್ಕೆ ಸರಿಯಾಗಿ, ದಪ್ಪ ಮೀಸೆಯ ನಾನು ಕೋಣನ ಕೆಳಗಿಂದ ಎದ್ದು, ಎರಡೂ ಕೈ ಚಾಚಿ, "ಬನ್ನಿ ಮಾಮ! ನಿಮಗೋಸ್ಕರಾನೇ ಕಾಯ್ತಿದ್ದೆ!" ಎಂದೆ.

"ಅಯ್ಯೋ ಪೆರುಮಾಳೇ!" ಮಾಮಿ ಚೀರಿದರು. "ಮನುಷ್ಯರಾ ನೀವು? ಈಗಷ್ಟೇ ಉಳಿಸಿಕೊಂಡು ಬರ್ತಿದೀನಿ, ಎದುರುಗಡೇನೇ ಎರುಮೆ, ಕೋಣ ಕಟ್ಟಿಕೊಂಡು ಕಾಯ್ತಿದೀನಿ ಅಂತೀರಲ್ಲ!"

ದಡಾರ್! ಎದುರು ಮನೆಯ ಬಾಗಿಲು ಮುಚ್ಚಿತು.

ಶಿಕಾರಿಯ ಗುಂಗಿನಲ್ಲಿ ಯಮಧರ್ಮರಾಯನನ್ನು ಮರೆತೇಬಿಟ್ಟಿದ್ದೆ! ಮುದುಕರೇ ತುಂಬಿದ ನಮ್ಮ ಕಟ್ಟಡದಲ್ಲಿ ಸುದ್ದಿ ಲಿಫ್ಟಿಗಿಂತ ಬೇಗ ಇಳಿಯಿತು. ನೀರಿನ ಕ್ಯಾನಿನವನೂ ಲಿಫ್ಟಿನ ಬಳಿಯೇ ಕ್ಯಾನ್ ಇಟ್ಟು ಓಡಿಹೋದ. ಇದ್ದೊಬ್ಬ ಗಿರಾಕಿಯೂ ಹೋದ. ಆ ದಿನಗಳಲ್ಲಿ ನನ್ನ ಉಪನ್ಯಾಸವನ್ನು ಕೇಳಿದ್ದು ಕೋಣ ಮಾತ್ರ. ಪೂರ್ತಿ ಕೇಳಿತು, ಪಾಪ.

ಕೊನೆಗೆ ಸೋತು, ಸ್ಟೂಲ್ ಹತ್ತಿ ಅದನ್ನು ಇಳಿಸುತ್ತಿದ್ದೆ.

"ಇರಿ ಇರಿ!" ಬಾಗಿಲಲ್ಲಿ ಮಾಮ, ಕೋಲೂರಿಕೊಂಡು. "ಎಡಗಿವಿ ಹಿಂದೆ ದಾರ ಇದೆಯಾ ನೋಡಿ."

ಇತ್ತು.

"ಎಳೀರಿ."

ಎಳೆದೆ. ಆಫ್ರಿಕಾದ ಕಾಡುಕೋಣ ಎರಡೂ ಕಿವಿ ಪಟಪಟ ಆಡಿಸಿತು!

ಮಾಮ ಗೋಡೆ ಹಿಡಿದುಕೊಂಡು ನಗತೊಡಗಿದರು. "ನಮ್ಮ ಸಿನಿಮಾ ಸ್ಟುಡಿಯೋದ್ದೇ ಕಣಯ್ಯಾ! ವಡಪಳನಿಯಲ್ಲಿ ಸ್ಟೋರ್ ನಾನೇ ನೋಡಿಕೊಳ್ತಿದ್ದೆ. ಪುರಾಣದ ಪಡ, ಸಿನಿಮಾ ಅಂದ್ರೆ ಯಮ ಇದರ ಮೇಲೇ ಬರಬೇಕು. ಬರೀ ಕಾಗದ, ಅಂಟು, ಬಣ್ಣ!"

"ಮತ್ತೆ ಕಿವಿ? ಸಿಂಹದ ಜೊತೆ ಕಾದಾಡಿ ಹರಿದದ್ದು ಅಂತ ನನ್ನ ಉಪನ್ಯಾಸದಲ್ಲಿತ್ತಲ್ಲ..."

"ಇಲಿ ತಿಂದದ್ದು!"

ನಗು ಕೇಳಿ ಮಾಮಿ ಓಡಿ ಬಂದರು. ಗಂಡನ ಮುಖ ನೋಡಿದರು, ಸೆರಗಿನಿಂದ ಕಣ್ಣೊರೆಸಿಕೊಂಡರು. "ಮನೆಗೆ ಬಂದ ಮೇಲೆ ಇವರು ನಗ್ತಿರೋದು ಇವತ್ತೇ," ಎಂದು ಮೆಲ್ಲಗೆ ಅಂದರು.

"ಇದು ನಮ್ಮನೇಲಿರಲಿ ವೈದೇಹಿ," ಎಂದರು ಮಾಮ. "ವಾಹನ ನಾವು ಕಟ್ಟಿಹಾಕಿಕೊಂಡ್ರೆ ಅವನು ಹೆಂಗೆ ಬರ್ತಾನೆ? ನಡ್ಕೊಂಡಾ?"

ಅಷ್ಟೇ. ಕೋಣ ಎದುರು ಮನೆಗೆ ಹೋಯಿತು. ಈಗ ಕಟ್ಟಡದ ಜನರೆಲ್ಲ ಅದರ ಕಿವಿ ನೋಡಲು ಬರುತ್ತಾರೆ, ಚಪ್ಪಲಿಗಳು ಆ ಬಾಗಿಲಿಂದ ಹರಿದು ನನ್ನ ಬಾಗಿಲವರೆಗೂ ಬರುತ್ತವೆ. ಚಪ್ಪಲಿ ಮಾತ್ರ. ನನ್ನ ಗೋಡೆಯಲ್ಲಿ ಮೊಳೆಯ ತೂತುಗಳಿವೆ.

ಜನ ಹೋದ ಮೇಲೆ, ಸಂಜೆ ಕಾಫಿಯ ಹೊತ್ತಿಗೆ, ನಾನು ಹೋಗುತ್ತೇನೆ. ಮೊದಲ ದಿನ "ಮೊಳೆ ಗಟ್ಟಿಯಾಗಿದೆಯಾ ನೋಡೋಣ ಅಂತ" ಎಂದೆ. ಮಾರನೆಯ ದಿನ "ದಾರ ಸವೆದಿದೆಯೇನೋ" ಎಂದೆ. ನಿನ್ನೆ ಹೊಸದೊಂದು ನೆಪ ಸಿದ್ಧಮಾಡಿಕೊಂಡು ಬೆಲ್ಲಿಗೆ ಕೈ ಎತ್ತಿದ್ದೆ. ಒತ್ತುವ ಮೊದಲೇ ಬಾಗಿಲು ತೆರೆಯಿತು. ಮಾಮಿಯ ಕೈಯಲ್ಲಿ ಡಬರಾ, ಲೋಟ, ಹಬೆಯಾಡುವ ಕಾಫಿ.

"ಈ ಹೊತ್ತಿಗೆ ಬರ್ತೀರ ಅಂತ ಗೊತ್ತು, ಬನ್ನಿ," ಎಂದರು.

ಮುದಿ ಕೋಣ, ಅದೇ ದಾರಿ, ಅದೇ ಹೊತ್ತು, ನೀರಿನ ಹತ್ತಿರ. ಶಿಕಾರಿ ಮುಗಿದಿತ್ತು! ನಾನು ತಲೆ ಬಗ್ಗಿಸಿ ಒಳಗೆ ಹೋದೆ.