ಟೀಚರ್ ಭರಣಿಗೆ ನಮ್ಮ ದ್ರಾಕ್ಷಿ

ಅವಮಾನವನ್ನು ಮರೆಯುವುದು ದೊಡ್ಡ ಗುಣವೆಂದು ಹಿರಿಯರು ಹೇಳುತ್ತಾರೆ. ನಾನೂ ಈಗ ಹಿರಿಯನೇ. ಆದರೂ ಆ ಗುಣ ನನಗೆ ಒಲಿಯಲಿಲ್ಲ. ಯಾರದೋ ಮದುವೆಯಲ್ಲಿ ನನ್ನ ಎಲೆಯನ್ನು ಮಾತ್ರ ದಾಟಿ ಮುಂದಿನವರಿಗೆ ಹೋಳಿಗೆ ಬಡಿಸಿದವನ ಮುಖ ಇಂದಿಗೂ ಕಣ್ಣ ಮುಂದಿದೆ. ಹೀಗಿರುವಾಗ ಪಕ್ಕದ ಮನೆಯ ಫಿಲೋಮಿನಾ ಟೀಚರ್ ಆಡಿದ ಮಾತನ್ನು ಮರೆಯುವುದು ಸಾಧ್ಯವೇ?

ತೊಂಬತ್ತರ ದಶಕದಲ್ಲಿ ಒಂಟಿಕೊಪ್ಪಲಿನ ನಮ್ಮ ಮನೆಯ ತಾರಸಿಯ ಮೇಲೊಂದು ದ್ರಾಕ್ಷಿ ಚಪ್ಪರವಿತ್ತು. ವೈನಿಗೆಂದೇ ಹುಟ್ಟಿದಂಥ, ಬೀಜವಿರುವ ಕಪ್ಪು ದ್ರಾಕ್ಷಿ. ನಮ್ಮದು ಮಠಕ್ಕೆ ನಡೆದುಕೊಳ್ಳುವ ಮನೆತನ. ವೈನಿನ ವಾಸನೆಯನ್ನೂ ಕಂಡವರಲ್ಲ. ಹಣ್ಣನ್ನೆಲ್ಲ ಟೀಚರಿಗೆ ಕೊಡುತ್ತಿದ್ದೆವು. ಅವರು ಅದನ್ನು ಭರಣಿಯಲ್ಲಿ ಹುಳಿಯಲಿಟ್ಟು ಕ್ರಿಸ್‌ಮಸ್ಸಿಗೆ ವೈನು ಮಾಡುತ್ತಿದ್ದರು. ಒಂದು ವರ್ಷ ಹಾಲಿನ ಬೂತಿನ ಮುಂದೆ, ನಾಲ್ಕು ಜನರ ಎದುರಿಗೆ, ಅಂದೇಬಿಟ್ಟರು: "ನಿಮ್ ದ್ರಾಕ್ಷಿ ಹುಳಿಗೆ ಸಕ್ಕರೆ ಸುರ್ದೂ ಸುರ್ದೂ ನಮ್ಮನೆ ರೇಷನ್ನೇ ಮುಗ್ದೋಯ್ತು ಸಾರ್!"

ಮುಂದಿನ ವರ್ಷ ಚಿಟಿಕೆ ಸಕ್ಕರೆಯನ್ನೂ ಬೇಡದ ಹಣ್ಣು ಕೊಡುತ್ತೇನೆಂದು ಅಲ್ಲಿಯೇ ಘೋಷಿಸಿದೆ.

ಮರುವರ್ಷದ ನವೆಂಬರಿನಲ್ಲಿ ಕಾಯಿ ಕಪ್ಪಿಗೆ ತಿರುಗಿತು. ದಿನವೂ ಕಾಫಿಗೆ ಮುಂಚೆ, ಬಾಯಿ ಮುಕ್ಕಳಿಸಿ, ಒಂದೇ ಒಂದು ಹಣ್ಣನ್ನು ಪರೀಕ್ಷಿಸುತ್ತಿದ್ದೆ. ಹುಳಿ ಇಳಿಯುತ್ತಿತ್ತು. ದ್ರಾಕ್ಷಿಗೆ ಸಿಹಿ ಕೂಡುವುದು ಕೊನೆಯ ವಾರದ ಬಿಸಿಲಿನಲ್ಲಿ. ನನಗೆ ಬೇಕಾಗಿದ್ದುದು ಆ ಒಂದು ವಾರ ಮಾತ್ರ. ರೇಡಿಯೋದಲ್ಲಿ ಮದರಾಸಿನ ಕಡೆ ವಾಯುಭಾರ ಕುಸಿತವೆಂದರು. ನಮ್ಮ ಆಕಾಶ ಶುಭ್ರವಾಗಿತ್ತು. ರೇಡಿಯೋ ನನಗೆ ಹಿಂದೆಯೂ ಮೋಸ ಮಾಡಿತ್ತು.

ಒಂದು ಮಧ್ಯಾಹ್ನ ಬೋಗಾದಿಯ ನೆಂಟರ ಮನೆಯಿಂದ ಬಂದು ನೋಡುತ್ತೇನೆ, ಚಪ್ಪರದ ಮೇಲೆ ನೀಲಿ ಪ್ಲಾಸ್ಟಿಕ್ ಹಾಳೆ!

"ಟೀಚರ್ ಬಂದು ಹೊದ್ಸಿದ್ರು ಕಣ್ರೀ, ಮಳೆ ಬರತ್ತಂತೆ," ಎಂದಳು ನನ್ನ ಹೆಂಡತಿ.

ನನಗೆ ಒಳಸಂಚು ಥಟ್ಟನೆ ಹೊಳೆಯಿತು. ಬಿಸಿಲು ನಿಂತರೆ ಸಿಹಿ ನಿಲ್ಲುತ್ತದೆ; ಹಣ್ಣು ಹುಳಿಯಾದರೆ ಹಾಲಿನ ಬೂತಿನಲ್ಲಿ ಮತ್ತೊಮ್ಮೆ ಭಾಷಣ. ಇದನ್ನು ಹೆಂಡತಿಗೆ ವಿವರಿಸಿದೆ.

"ಹಣ್ಣು ಹೋಗೋದು ಅವ್ರ ಭರಣಿಗೇ ಅಲ್ವೇನ್ರೀ? ಅದನ್ನ ಕೆಡಿಸ್ಕೊಂಡು ಅವ್ರಿಗೇನ್ ಬರ್ಬೇಕು?"

ಕುತಂತ್ರದ ಆಳ ಅರಿಯದವರೊಡನೆ ವಾದವೇಕೆ? ನಾನು ತಾರಸಿ ಹತ್ತಿ ಹಾಳೆಯನ್ನು ತೆಗೆದೆ.

ಸಂಜೆಗೆ ಹಿಡಿದ ಮಳೆ ಮೂರು ದಿನ ಬಿಡಲಿಲ್ಲ. ನೀರು ಕುಡಿದ ಹಣ್ಣುಗಳು ಉಬ್ಬಿ ಬಿರಿದವು, ಗೊಂಚಲುಗಳಿಗೆ ಬೂಷ್ಟು ಹತ್ತಿತು. ಬಿರಿಯದೆ ಉಳಿದ ಒಂದು ಬೊಗಸೆ ಹಣ್ಣು ಹುಳಿಯೂ ಅಲ್ಲ, ಸಿಹಿಯೂ ಅಲ್ಲ, ಬರೀ ನೀರು. ನಾಲ್ಕನೆಯ ದಿನ ಟೀಚರ್ ತಾರಸಿಗೆ ಬಂದು ಚಪ್ಪರದ ಕೆಳಗೆ ನಿಂತರು.

"ಹಾಳೆ ಗಾಳಿಗೆ ಹಾರಿಹೋಯಿತು," ಎಂದೆ, ಸಾಧ್ಯವಾದಷ್ಟು ಗಾಂಭೀರ್ಯದಿಂದ.

ಅವರು ತಾರಸಿಯ ಮೂಲೆಯತ್ತ ನೋಡಿದರು. "ನಮ್ ಒಂಟಿಕೊಪ್ಪಲ್ ಗಾಳಿ ಬಲು ಅಚ್ಚುಕಟ್ಟು ಬುಡಿ ಸಾರ್. ಅಂಚಿಗೆ ಅಂಚು ಸೇರ್ಸಿ, ಎಂಟು ಮಡಿಕೆ ಮಾಡಿ, ಮೇಲೊಂದು ಕಲ್ಲೂ ಇಟ್ಬುಟ್ಟು ಹೋಗ್ಯದೆ!"

ಸುಳ್ಳು ಹೇಳಬೇಕೆಂದಿರುವವನು ಹಾಳೆಯನ್ನು ಕಿತ್ತು ಎತ್ತಲೋ ಬಿಸಾಡಬೇಕು. ಅದು ನನ್ನಿಂದ ಈ ಜನ್ಮದಲ್ಲಿ ಆಗುವ ಕೆಲಸವಲ್ಲ.