ಗಾಳಿಪಟದ ಕ್ಯಾಸೆಟ್ಟು

"ಅದರಾಗ ವಿಂಡೋಸ್ ಐತೇನ್ರಿ?"

"ಇಲ್ಲ. ಇದು ವಿಂಡೋಸ್ ಬರೂಕಿಂತ ಮೊದಲಿಂದು."

"ಡಾಸ್?"

"ಡಿಸ್ಕೇ ಇಲ್ಲಂದ ಮ್ಯಾಲೆ ಡಾಸ್ ಎಲ್ಲಿಂದ ಬರಬೇಕು, ಜಯಾ?"

"ಮತ್ತ ಚಾಲೂ ಮಾಡಿದ್ರ ಏನ್ ಮಾಡ್ತೈತಿ?"

"ರೆಡಿ ಅಂತೈತಿ."

"ರೆಡಿ ಅಂದು?"

"ಸುಮ್ನ ಕುಂದರ್ತೈತಿ."

"ಊಟಕ್ಕ ಕರದ್ರ ನೀವೂ ಹಂಗ."

ಸಿಂದಗಿಯ ಆ ಮನೆಯಲ್ಲಿ ಬೆಳಗಿನಿಂದ ಇದೇ ನಡೆದಿತ್ತು. ಸಕ್ಕರೆ ಕಾರ್ಖಾನೆಯ ಆಫೀಸಿನಿಂದ ನಿವೃತ್ತರಾದ ಬಸಂತರಾಯರು, ಮದುವೆಯ ಹೊಸತರಲ್ಲಿ ಮುಂಬೈಯಿಂದ ತಂದಿದ್ದ ಪುಟ್ಟ ಕಂಪ್ಯೂಟರನ್ನು ಅಟ್ಟದಿಂದ ಇಳಿಸಿ ಟಿ.ವಿ.ಗೆ ಜೋಡಿಸಿದ್ದರು. ಕೀಬೋರ್ಡೇ ಅದರ ಮೈ, ಪ್ರೋಗ್ರಾಮು ಕ್ಯಾಸೆಟ್ಟಿನಲ್ಲಿ ಸದ್ದಿನ ರೂಪದಲ್ಲಿ. ಇಂಡಿ ಊರಿನ ಕಾಲೇಜೊಂದರ ಪ್ರದರ್ಶನಕ್ಕೆ ಅದನ್ನು ಒಯ್ಯಲು ಉಪನ್ಯಾಸಕ ಫಯಾಜ ಬಂದೇಬಿಟ್ಟ. ಹೈಸ್ಕೂಲಿನಲ್ಲಿ ಆತ ರಾಯರ ಹೆಂಡತಿ ಜಯಮಾಲಾ ಅವರ ಶಿಷ್ಯ.

"ನಮಸ್ಕಾರ್ರಿ ಟೀಚರ್."

"ಬಾರಪಾ. ಮೊದಲ ಚಾ ಕುಡಿ."

"ನಿಮ್ಮ ಟೀಚರ್ನ ಓದಿಸಿದಾಂವ ನಾನ, ಗೊತ್ತೇನು?" ಎಂದರು ಬಸಂತರಾಯರು. ಮನೆಗೆ ಯಾರೇ ಬಂದರೂ ಅವರು ಹೇಳುತ್ತ ಬಂದ ಮಾತು ಅದು. "ಆ ಕಾಲದಾಗ ಲಗ್ನ ಆದ ಹೆಣಮಗಳನ್ನ ಯಾರು ಕಾಲೇಜಿಗೆ ಕಳಸ್ತಿದ್ರು?"

ಜಯಮಾಲಾ ಚಹಾ ಸೋಸುತ್ತಲೇ ಇದ್ದರು.

ಬಸಂತರಾಯರು ಟೇಪ್ ರೆಕಾರ್ಡರಿಗೆ ಕ್ಯಾಸೆಟ್ಟು ಹಾಕಿ ಗುಂಡಿ ಒತ್ತಿದರು. ಟಿ.ವಿ. ಪರದೆ ಕಾಯ್ದೇ ಕಾಯಿತು.

"ಗಾಳಿಪಟದ ಆಟ ಐತಿ ಇದರಾಗ. ನಾನ ಬರದದ್ದು. ತಡಿ, ಕಿರ್ರ್ ಅಂತ ಒಳಗ ಹೋಗ್ತೈತಿ."

"ವಾಯರ್ ತಗದ್ರ ಟೇಪಿನ ಸದ್ದು ಹೊರಗ ಬರ್ತೈತಿ, ಒಮ್ಮೆ ಕೇಳೂಣ್ರಿ ಸರ್."

ವಾಯರ್ ಕಿತ್ತರು. ಕಿರ್ರ್ ಸದ್ದಿಲ್ಲ, ಎಳೆಯ ಹೆಣ್ಣುದನಿಯೊಂದು ಬಂತು:

"ರೀ, ಎದುರಿಗೆ ಹೇಳಿದ್ರ ನಿಮಗ ಕೇಳಸಂಗಿಲ್ಲ. ಈ ಕ್ಯಾಸೆಟ್ಟಂತೂ ದಿನಾ ಹಚ್ತೀರಿ. ನಾ ಬಿ.ಎ.ಗೆ ಹೆಸರ ಹಚ್ಚಲೇನು? ಬ್ಯಾಡ ಅನ್ನೂದಿದ್ರ ಈಗ ಅಂದ್ಬಿಡ್ರಿ."

ಆಮೇಲೆ ಟೇಪು ಸುಂಯ್ ಎನ್ನತೊಡಗಿತು.

"ಇದು... ಯಾವಾಗಿಂದು?" ರಾಯರು ಕೇಳಿದರು.

"ನಿಮ್ಮ ಆಫೀಸಿಗೆ ಡಾಸ್ ಕಂಪ್ಯೂಟರ್ ಬಂತಲ್ರಿ, ಅದರ ಹಿಂದಿನ ದಿನ ನಿಮ್ಮ ಆಟದ ಮ್ಯಾಲೆ ರೆಕಾರ್ಡ್ ಮಾಡಿದ್ದು."

ಬಸಂತರಾಯರಿಗೆ ನೆನಪಾಯಿತು. ಆಫೀಸಿನಲ್ಲಿ ಫ್ಲಾಪಿ ಡಿಸ್ಕು ಕೈಗೆ ಸಿಕ್ಕ ಮೇಲೆ ಈ ಪೆಟ್ಟಿಗೆಯನ್ನು ಅವರು ಮುಟ್ಟಿಯೇ ಇರಲಿಲ್ಲ.

"ಹಂಗಾರ ನಾ ಹ್ಞೂಂ ಅಂದೇ ಇಲ್ಲ?"

"ಬ್ಯಾಡ ಅಂತನೂ ಅನ್ಲಿಲ್ಲ. ಕಾದ್ನಿ, ಕಾದ್ನಿ, ಹೆಸರ ಹಚ್ಚಿದ್ನಿ."

"ಮತ್ತ ನಾ ಓದಿಸೇನಿ ಅಂತ ಊರೆಲ್ಲ ಹೇಳ್ಕೊಂತ ತಿರಗಿದ್ರ, ಒಮ್ಮೆರ ತಿದ್ದಬಾರದೇನು?"

"ಖುಷಿಲೆ ಹೇಳ್ತಿದ್ರಿ. ನನಗೇನ್ ತ್ರಾಸು?"

ಫಯಾಜ ಚಹಾದ ಲೋಟದೊಳಗೆ ನೋಡುತ್ತ ಕುಳಿತ. ಬಸಂತರಾಯರು ಟೇಪು ನಿಲ್ಲಿಸಿದರು. ಕನ್ನಡಕ ತೆಗೆದು ಧೋತರದ ಅಂಚಿನಿಂದ ಒರೆಸಿ ಮತ್ತೆ ಹಾಕಿಕೊಂಡರು. ಹೆಂಡತಿಯ ಕಡೆ ತಿರುಗಿದರು.

"ಹ್ಞೂಂ, ಜಯಾ. ಹೆಸರ ಹಚ್ಚು."

"ನಾ ರಿಟೈರ್ ಆಗಿ ಎರಡು ವರ್ಷ ಆತ್ರಿ," ಎಂದರು ಜಯಮಾಲಾ.